ಫ್ಲೋಚಾರ್ಟ್ ಇಲ್ಲದ ಒಂದು ಗಂಟೆ: ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕರಿಗೆ ಬಹಿರಂಗ ಪತ್ರ



ಯೋಜನೆ ಹಾಕಿಕೊಳ್ಳದೆ ಪ್ರೋಗ್ರಾಂ ಬರೆಯುವುದೆಂದರೆ, ಏನು ಬೇಕೆಂಬುದು ಪೂರ್ತಿ ಗೊತ್ತಾಗುವ ಮೊದಲೇ ಬರೆಯಲು ಕೂರುವುದು. ನಾಲ್ಕು ಸಾಲು ಬರೆದು ರನ್ ಮಾಡುವುದು, ಬಂದದ್ದನ್ನು ನೋಡುವುದು, ಮುಂದಿನ ನಾಲ್ಕು ಸಾಲು ಏನಿರಬೇಕೆಂದು ಆಗ ತೀರ್ಮಾನಿಸುವುದು. ಆಲ್ಗರಿದಂ ಮೊದಲು, ಫ್ಲೋಚಾರ್ಟ್ ಆಮೇಲೆ, ಕೋಡ್ ಕೊನೆಗೆ ಎಂಬ ಸರದಿ ಇಲ್ಲಿ ಇರುವುದಿಲ್ಲ. ಬರೆಯುವುದೂ ಯೋಚಿಸುವುದೂ ಒಟ್ಟಿಗೇ ಸಾಗುತ್ತವೆ. ಸಂಬಳದ, ಅಂಕದ ಹಂಗಿಲ್ಲದೆ ಬರೀ ಕುತೂಹಲಕ್ಕೆ ಕಂಪ್ಯೂಟರ್ ಮುಂದೆ ಕೂರುವವರು ಸಾಮಾನ್ಯವಾಗಿ ಬರೆಯುವುದು ಹೀಗೆಯೇ.

ಕಾಲೇಜಿನ ಲ್ಯಾಬಿನಲ್ಲಿ ಈ ರೀತಿಗೆ ಒಳ್ಳೆಯ ಹೆಸರಿಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ಉದ್ದೇಶ, ಆಲ್ಗರಿದಂ, ಫ್ಲೋಚಾರ್ಟ್, ಪ್ರೋಗ್ರಾಂ, ಔಟ್‌ಪುಟ್ ಎಂಬ ಕ್ರಮ ಮೊದಲೇ ನಿಂತಿರುತ್ತದೆ. ಪ್ರೋಗ್ರಾಂ ಬರೆದು, ಅದು ಕೆಲಸ ಮಾಡಿದ ಮೇಲೆ ಫ್ಲೋಚಾರ್ಟ್ ಬಿಡಿಸುವ ವಿದ್ಯಾರ್ಥಿಗೆ ತಾನು ಏನೋ ಕದ್ದೆನೆಂಬ ಅಳುಕು ಇರುತ್ತದೆ. ಅಳುಕಬೇಕಾದ ಕಾರಣವೇ ಇಲ್ಲ. ಆ ವಿದ್ಯಾರ್ಥಿ ಹಿಡಿದದ್ದು ಬಹಳ ಜನ ನಡೆದು ಸವೆದ, ತನ್ನದೇ ಶಿಸ್ತು ಇರುವ ದಾರಿ.

ಮೊದಲು ಯೋಜನೆ, ಆಮೇಲೆ ಕೋಡ್ ಎಂಬ ನಿಯಮ ಹುಟ್ಟಿದ್ದಕ್ಕೆ ಬಲವಾದ ಕಾರಣಗಳಿದ್ದವು. 1950 ಮತ್ತು 60ರ ದಶಕಗಳಲ್ಲಿ ಪ್ರೋಗ್ರಾಮನ್ನು ತೂತು ಕೊರೆದ ಕಾರ್ಡುಗಳಿಗೆ ಇಳಿಸಿ, ಆ ಕಟ್ಟನ್ನು ಯಂತ್ರದ ಕೋಣೆಯವರಿಗೆ ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೂ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದರೆ ಒಂದು ದಿನ ಹೋಯಿತು. ಯಂತ್ರದ ಗಂಟೆ ಮನುಷ್ಯನ ಗಂಟೆಗಿಂತ ದುಬಾರಿಯಾಗಿದ್ದ ಕಾಲದಲ್ಲಿ ಯೋಚನೆಯನ್ನೆಲ್ಲ ಕಾಗದದ ಮೇಲೆ ಮುಗಿಸುವುದೇ ಜಾಣತನ. ಅದರ ಜೊತೆಗೆ ದೊಡ್ಡ ದೊಡ್ಡ ತಂತ್ರಾಂಶಗಳು ಹೇಳಿದ ಸಮಯಕ್ಕೆ, ಹೇಳಿದ ಖರ್ಚಿಗೆ ಮುಗಿಯುತ್ತಿರಲಿಲ್ಲ. 1968ರ ಮಾರ್ಚಿನಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ‘ಗೋಟು’ ಆಜ್ಞೆಯನ್ನು ವಿರೋಧಿಸಿ ಬರೆದ ಪುಟ್ಟ ಪತ್ರ ಪ್ರಕಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಆಶ್ರಯದ ಸಮ್ಮೇಳನ ನಡೆದು, ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಮಾತು ಚಲಾವಣೆಗೆ ಬಂತು. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಲೇಖನದಲ್ಲಿ ಅಗತ್ಯ, ವಿನ್ಯಾಸ, ಕೋಡ್, ಪರೀಕ್ಷೆ ಎಂದು ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಒಂದು ಚಿತ್ರವಿತ್ತು. ಅದೇ ಮುಂದೆ ‘ವಾಟರ್‌ಫಾಲ್’ ಎಂಬ ಹೆಸರಿನಲ್ಲಿ ಪಠ್ಯಪುಸ್ತಕಗಳನ್ನು ಸೇರಿತು. ಚಿತ್ರ ಸೇರಿತು, ಅದರ ಪಕ್ಕದಲ್ಲಿದ್ದ ಎಚ್ಚರಿಕೆ ಸೇರಲಿಲ್ಲ. ಹೀಗೆ ಒಂದೇ ಸಲ ಇಳಿದು ಹೋಗುವುದು ಅಪಾಯ, ಹೊಸ ಬಗೆಯ ತಂತ್ರಾಂಶವಾದರೆ ಎರಡು ಸಲ ಕಟ್ಟಬೇಕು ಎಂದು ರಾಯ್ಸ್ ಅದೇ ಲೇಖನದಲ್ಲಿ ಹೇಳಿದ್ದರು. ಐದು ವರ್ಷದ ನಂತರ ಫ್ರೆಡ್ ಬ್ರೂಕ್ಸ್ ಕೂಡ ಮೊದಲು ಕಟ್ಟಿದ್ದನ್ನು ಹೇಗೂ ಎಸೆಯಬೇಕಾಗುತ್ತದೆ, ಅದಕ್ಕೆ ಸಿದ್ಧರಾಗಿಯೇ ಇರಬೇಕೆಂದು ಬರೆದರು. ಯೋಜನೆಯ ಪರವಾಗಿದ್ದ ಹಿರಿಯರೇ ಹೀಗೆಂದಿರುವಾಗ, ಮೊದಲ ಪ್ರಯತ್ನವೇ ಅಂತಿಮ ಎನ್ನುವಂತೆ ರೆಕಾರ್ಡ್ ಬರೆಸುವುದು ಅವರ ಮಾತಿಗೂ ನ್ಯಾಯವಲ್ಲ.

ಇನ್ನೊಂದು ದಾರಿಯೂ ಅದೇ ಕಾಲದಲ್ಲಿ ತೆರೆದುಕೊಂಡಿತು. ಎಂಐಟಿಗೆ 1961ರಲ್ಲಿ ಪಿಡಿಪಿ-1 ಎಂಬ ಯಂತ್ರ ಬಂದಾಗ ಅದರ ಮುಂದೆ ನೇರವಾಗಿ ಕೂತು ಬರೆಯಲು ಸಾಧ್ಯವಾಯಿತು. ಅಲ್ಲಿನ ಆಟಿಕೆ ರೈಲಿನ ಕ್ಲಬ್ಬಿನ ಹುಡುಗರು ರಾತ್ರಿಯೆಲ್ಲ ಅದರ ಬಳಿಯೇ ಇರುತ್ತಿದ್ದರು. ಸ್ಟೀವ್ ರಸಲ್ 1962ರಲ್ಲಿ ‘ಸ್ಪೇಸ್‌ವಾರ್’ ಆಟವನ್ನು ಓಡುವ ಸ್ಥಿತಿಗೆ ತಂದರು. ಪರದೆಯ ಮೇಲೆ ಎರಡು ನೌಕೆಗಳು, ಒಂದಿಷ್ಟು ಚುಕ್ಕಿಗಳು. ಚುಕ್ಕಿಗಳು ನಿಜವಾದ ಆಕಾಶದಂತಿಲ್ಲ ಎನಿಸಿದ್ದಕ್ಕೆ ಪೀಟರ್ ಸ್ಯಾಮ್ಸನ್ ನಿಜವಾದ ನಕ್ಷತ್ರಪಟ ಸೇರಿಸಿದರು. ನೌಕೆಗಳು ಸುಮ್ಮನೆ ತೇಲುವುದು ಸಪ್ಪೆಯೆನಿಸಿ ಡ್ಯಾನ್ ಎಡ್ವರ್ಡ್ಸ್ ನಡುವಿನ ಸೂರ್ಯನಿಗೆ ಗುರುತ್ವ ಕೊಟ್ಟರು. ಆಟ ಆಡಿದವರಿಗೆ ಏನು ಕೊರತೆ ಕಂಡಿತೋ ಅದೇ ಮುಂದಿನ ಕೆಲಸವಾಯಿತು. 1964ರ ಮೇ 1ರ ನಸುಕಿನ ನಾಲ್ಕು ಗಂಟೆಗೆ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ರೂಪಿಸಿದ ಬೇಸಿಕ್ ಭಾಷೆಯ ಮೊದಲ ಪ್ರೋಗ್ರಾಂಗಳು ಓಡಿದವು. ಗಣಿತ ವಿಜ್ಞಾನ ಓದದ ವಿದ್ಯಾರ್ಥಿಯೂ ಒಂದು ಸಾಲು ಬರೆದು ತಕ್ಷಣ ಉತ್ತರ ನೋಡಬೇಕೆಂಬುದು ಅದರ ಆಸೆ. ಎಂಬತ್ತರ ದಶಕದ ಮನೆ ಕಂಪ್ಯೂಟರುಗಳು ಸ್ವಿಚ್ ಹಾಕಿದೊಡನೆ ಬೇಸಿಕ್ ತೆರೆದು ಕಾಯುತ್ತಿದ್ದವು. 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕೂಡ ಅಂಥದ್ದೇ ಯಂತ್ರ. ಉತ್ತರ ಕ್ಷಣದಲ್ಲಿ ಸಿಗುವಂತಾದ ಮೇಲೆ, ತಪ್ಪಿಗೆ ಒಂದು ದಿನದ ದಂಡ ಇಲ್ಲದಂತಾದ ಮೇಲೆ, ಎಲ್ಲವನ್ನೂ ಕಾಗದದ ಮೇಲೆ ಮುಗಿಸಬೇಕೆಂಬ ನಿಯಮದ ಮೂಲ ಕಾರಣ ಹವ್ಯಾಸಿಯ ಮಟ್ಟಿಗೆ ಉಳಿಯಲಿಲ್ಲ.

ಈ ರೀತಿಯ ಬರವಣಿಗೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಲಿನಕ್ಸ್‌ನ ಹುಟ್ಟು ಎಲ್ಲರೂ ಕೇಳಿದ ಉದಾಹರಣೆ. ಆದರೆ ಅದರ ಮೊದಲ ತಿಂಗಳುಗಳ ವಿವರ ತರಗತಿಯಲ್ಲಿ ಬರುವುದು ಕಡಿಮೆ. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರ ಜನವರಿಯಲ್ಲಿ 386 ಚಿಪ್ಪಿನ ಕಂಪ್ಯೂಟರ್ ಕೊಂಡರು. ಆಪರೇಟಿಂಗ್ ಸಿಸ್ಟಂ ಬರೆಯುವ ಇರಾದೆ ಅವರಿಗಿರಲಿಲ್ಲ. ಆ ಚಿಪ್ಪು ಎರಡು ಕೆಲಸಗಳ ನಡುವೆ ಹೇಗೆ ಹೊರಳುತ್ತದೆಂದು ನೋಡಲು, ಒಂದು ಕೆಲಸ ‘ಎ’ ಎಂದೂ ಇನ್ನೊಂದು ‘ಬಿ’ ಎಂದೂ ಪರದೆಯ ಮೇಲೆ ಬರೆಯುವ ಪುಟ್ಟ ಪ್ರೋಗ್ರಾಂ ಮಾಡಿದರು. ಆ ಎರಡು ಕೆಲಸಗಳಲ್ಲಿ ಒಂದಕ್ಕೆ ಕೀಬೋರ್ಡ್‌ನಿಂದ ಮೋಡೆಮ್‌ಗೆ, ಇನ್ನೊಂದಕ್ಕೆ ಮೋಡೆಮ್‌ನಿಂದ ಪರದೆಗೆ ಅಕ್ಷರ ಸಾಗಿಸಲು ಹೇಳಿಕೊಟ್ಟಾಗ, ವಿಶ್ವವಿದ್ಯಾಲಯದ ಕಂಪ್ಯೂಟರನ್ನು ಮನೆಯಿಂದಲೇ ಬಳಸುವ ಸಾಧನವಾಯಿತು. ಅಲ್ಲಿಂದ ಫೈಲುಗಳನ್ನು ಇಳಿಸಿಕೊಳ್ಳಬೇಕೆನಿಸಿದಾಗ ಡಿಸ್ಕಿಗೆ ಬರೆಯುವ ಭಾಗ ಬೇಕಾಯಿತು, ಆಮೇಲೆ ಫೈಲ್ ವ್ಯವಸ್ಥೆ. ಒಂದು ಹಂತದಲ್ಲಿ ಮೋಡೆಮ್‌ಗೆ ಕಳಿಸಬೇಕಾದ ಆಜ್ಞೆಯನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿ, ಅದರಲ್ಲಿದ್ದ ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕೆಟ್ಟುಹೋಯಿತು. ಅದನ್ನು ಮತ್ತೆ ಹಾಕುವ ಬದಲು ತಮ್ಮದನ್ನೇ ಪೂರ್ತಿ ಮಾಡಲು ಹೊರಟರು. ಆ ವರ್ಷದ ಆಗಸ್ಟ್ 25ರಂದು ಅದನ್ನು ಲೋಕಕ್ಕೆ ತಿಳಿಸಿದಾಗಲೂ ಇದು ಹವ್ಯಾಸವಷ್ಟೇ ಎಂದಿದ್ದರು. ಗೀದೋ ವಾನ್ ರೋಸಮ್ ಪೈಥಾನ್ ಭಾಷೆಯ ಕೆಲಸಕ್ಕೆ ತೊಡಗಿದ್ದೂ 1989ರ ಕ್ರಿಸ್‌ಮಸ್ ರಜೆಯಲ್ಲಿ ಕೈಗೊಂದು ಕೆಲಸ ಇರಲೆಂದು.

ಕನ್ನಡದಲ್ಲೂ ಒಬ್ಬೊಬ್ಬರ ಆಸಕ್ತಿಯಿಂದಲೇ ಹುಟ್ಟಿದ ತಂತ್ರಾಂಶಗಳಿವೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಇಂದಿಗೂ ಕನ್ನಡ ಟೈಪಾಗುತ್ತಿದೆ. ಯು. ಬಿ. ಪವನಜ ಅವರು ಮಕ್ಕಳಿಗಾಗಿ ಕನ್ನಡ ಲೋಗೋ ತಂದರು. ಲೋಗೋ ಮೂಲತಃ 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫೋರ್ಜೈಗ್ ಅವರು ಕಟ್ಟಿದ ಭಾಷೆ. ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ತಿರುಗು ಎಂದು ಹೇಳಿ ಚಿತ್ರ ಬರೆಸುವ ಮಗು ಮೊದಲ ಸಲಕ್ಕೇ ಮನೆ ಬರೆಸಲಾರದು. ಛಾವಣಿ ಗೋಡೆಯ ಒಳಗೆ ಬಿದ್ದಿರುತ್ತದೆ. ಯಾಕೆ ಬಿತ್ತು ಎಂದು ಹುಡುಕುವಾಗಲೇ ಕೋನದ ಲೆಕ್ಕ ಕಲಿತಾಗುತ್ತದೆ ಎಂಬುದು ಪ್ಯಾಪರ್ಟ್ ಅವರ ನಂಬಿಕೆ.

ಇದೇ ಪ್ಯಾಪರ್ಟ್ 1990ರಲ್ಲಿ ಶೆರಿ ಟರ್ಕಲ್ ಅವರೊಂದಿಗೆ ಬರೆದ ಲೇಖನವೊಂದನ್ನು ಪ್ರತಿ ಅಧ್ಯಾಪಕರೂ ಓದಬೇಕು. ಪ್ರೋಗ್ರಾಂ ಬರೆಯುವವರಲ್ಲಿ ಯೋಜಕರೂ ಇದ್ದಾರೆ, ‘ಬ್ರಿಕೊಲರ್’ಗಳೂ ಇದ್ದಾರೆ ಎಂದು ಅವರು ಹೇಳುತ್ತಾರೆ. ಈ ಎರಡನೆಯ ಪದವನ್ನು ಫ್ರೆಂಚ್ ಮಾನವಶಾಸ್ತ್ರಜ್ಞ ಕ್ಲೋಡ್ ಲೆವಿ-ಸ್ಟ್ರಾಸ್ 1962ರ ಪುಸ್ತಕವೊಂದರಲ್ಲಿ ಬಳಸಿದ್ದರು. ಕೈಗೆ ಸಿಕ್ಕಿದ್ದನ್ನು ಹೊಂದಿಸಿ, ಆಗಾಗ ಹಿಂದೆ ಸರಿದು ನೋಡಿ, ಮತ್ತೆ ಹೊಂದಿಸಿ ಕಟ್ಟುವವರು ಎಂದು ಅದರ ಅರ್ಥ. ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ನೆಲದ ಮೇಲೆ ಹರವಿ, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ, ಮುಂದಿನ ತುಂಡನ್ನು ಆರಿಸುತ್ತಾರೆ. ಇರುವ ಬಟ್ಟೆಯೇ ಅರ್ಧ ವಿನ್ಯಾಸವನ್ನು ಹೇಳಿಬಿಡುತ್ತದೆ. ಟರ್ಕಲ್ ಮತ್ತು ಪ್ಯಾಪರ್ಟ್ ಅವರ ಲೇಖನದಲ್ಲಿ ಹಾರ್ವರ್ಡ್‌ನ ಆರಂಭಿಕ ಪ್ರೋಗ್ರಾಮಿಂಗ್ ತರಗತಿಯ ಇಬ್ಬರು ವಿದ್ಯಾರ್ಥಿನಿಯರು ಬರುತ್ತಾರೆ. ಒಬ್ಬಾಕೆ ಕವಿತೆ ಬರೆಯುವವಳು, ಇನ್ನೊಬ್ಬಾಕೆ ಪಿಯಾನೊ ನುಡಿಸುವವಳು. ಇಬ್ಬರೂ ಚೆನ್ನಾಗಿಯೇ ಬರೆಯುತ್ತಿದ್ದರು. ಆದರೆ ಮೇಲಿನಿಂದ ಕೆಳಕ್ಕೆ ವಿಭಾಗಿಸಿ ಬರೆಯುವುದೊಂದೇ ಸರಿಯೆಂದು ಒತ್ತಾಯ ಬಂದಾಗ ಆ ವಿಷಯವೇ ತಮ್ಮದಲ್ಲವೆಂಬ ಭಾವನೆ ಅವರಲ್ಲಿ ಬೆಳೆಯಿತು. ಇಂಥ ನಷ್ಟ ಯಾವ ಫಲಿತಾಂಶದ ಪಟ್ಟಿಯಲ್ಲೂ ಕಾಣುವುದಿಲ್ಲ.

ಕೆಲಸ ಹೇಗೆ ಸಾಗುತ್ತದೆಂದು ತಿಳಿಯಲು ಕನ್ನಡದ್ದೇ ಒಂದು ಉದಾಹರಣೆ ಹಿಡಿಯಬಹುದು. ಒಬ್ಬ ವಿದ್ಯಾರ್ಥಿಗೆ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ಮನಸ್ಸಾಯಿತು ಎಂದುಕೊಳ್ಳೋಣ. ಪೈಥಾನ್ ತೆರೆದು ‘ಕನ್ನಡ’ ಎಂಬುದರ ಉದ್ದ ಕೇಳಿದರೆ 5 ಎಂಬ ಉತ್ತರ ಬರುತ್ತದೆ. ಬಾಯಲ್ಲಿ ಹೇಳಿದರೆ ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಈ ಪದ ಕ, ನ, ವಿರಾಮ (ವ್ಯಂಜನದ ‘ಅ’ಕಾರ ಅಳಿಸುವ ‘್’ ಚಿಹ್ನೆ), ನ, ಡ ಎಂಬ ಐದು ಸಂಕೇತಗಳಾಗಿ ಕೂತಿದೆ ಎಂಬುದು ಆಗ ಗೊತ್ತಾಗುತ್ತದೆ. ‘ಸ್ತ್ರೀ’ ಒಂದೇ ಅಕ್ಷರ, ಸಂಕೇತಗಳು ಆರು. ಹಾಗಾದರೆ ಸಂಕೇತಗಳನ್ನು ಒಟ್ಟುಗೂಡಿಸಬೇಕು. ವಿರಾಮ, ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಬಂದರೆ ಹಿಂದಿನದಕ್ಕೆ ಸೇರಿಸು. ಹಿಂದಿನದು ವಿರಾಮದಲ್ಲಿ ಮುಗಿದಿದ್ದರೆ ಈಗ ಬಂದ ವ್ಯಂಜನವನ್ನೂ ಅದಕ್ಕೇ ಸೇರಿಸು. ಇಷ್ಟು ಬರೆದರೆ ಮೂರು, ಒಂದು ಎಂಬ ಸರಿಯಾದ ಲೆಕ್ಕ ಬರುತ್ತದೆ. ಆಮೇಲೆ ‘ರ‍್ಯಾಂಕ್’ ಎಂದು ಟೈಪಿಸಿದರೆ ‘ರ’ ಒಂದು ಕಡೆ, ‘ಯಾಂ’ ಒಂದು ಕಡೆ ಚೂರಾಗಿ ಬೀಳುತ್ತದೆ. ಅರ್ಕಾವೊತ್ತು ಬಾರದಿರಲೆಂದು ನಡುವೆ ಇರುವ, ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೇ ಅದಕ್ಕೆ ಕಾರಣ. ಅಂಥದ್ದೊಂದು ಇದೆಯೆಂದು ಕಾಗದದ ಮೇಲೆ ಫ್ಲೋಚಾರ್ಟ್ ಬಿಡಿಸುವಾಗ ಯಾರಿಗೂ ಹೊಳೆಯುವುದಿಲ್ಲ.

ಅಕ್ಷರ ಬಿಡಿಸಲು ಬಂದ ಮೇಲೆ ಲಘು ಗುರು ಗುರುತಿಸಲು ಎಷ್ಟು ಹೊತ್ತು? ದೀರ್ಘಸ್ವರ, ಅನುಸ್ವಾರ, ವಿಸರ್ಗ ಇದ್ದರೆ, ಅಥವಾ ಮುಂದಿನದು ಒತ್ತಕ್ಷರವಾಗಿದ್ದರೆ ಗುರು, ಎರಡು ಮಾತ್ರೆ. ಉಳಿದದ್ದು ಲಘು, ಒಂದು ಮಾತ್ರೆ. ‘ಕನ್ನಡ’ ಎಂಬುದಕ್ಕೆ ನಾಲ್ಕು ಮಾತ್ರೆ ಬರುತ್ತದೆ, ಸರಿ. ‘ಆನೆ’ ಎಂಬುದಕ್ಕೆ ಮೂರು ಬರಬೇಕಾದಲ್ಲಿ ಎರಡು ಬರುತ್ತದೆ. ‘ಕಾ’ದಲ್ಲಿರುವ ದೀರ್ಘದ ಚಿಹ್ನೆ ಬೇರೆ, ಬಿಡಿಯಾದ ‘ಆ’ ಬೇರೆ ಸಂಕೇತ. ಹುಡುಗ ಚಿಹ್ನೆಗಳ ಪಟ್ಟಿಯನ್ನಷ್ಟೇ ಹಾಕಿದ್ದ. ಎರಡು ನಿಮಿಷದ ತಿದ್ದುಪಡಿ. ‘ಬಸ್’ ಎಂಬುದನ್ನು ಪ್ರೋಗ್ರಾಂ ಎರಡು ಅಕ್ಷರವೆನ್ನುತ್ತದೆ. ಛಂದಸ್ಸಿನ ಲೆಕ್ಕದಲ್ಲಿ ಕೊನೆಯ ವ್ಯಂಜನ ಹಿಂದಿನದಕ್ಕೆ ಸೇರಿ ಒಂದೇ ಗುರು.

ಈಗ ಅವನ ಕೈ ಭಾಮಿನಿ ಷಟ್ಪದಿಯ ಕಡೆಗೆ ಹೋಗುತ್ತದೆ. ಕುಮಾರವ್ಯಾಸನ ಭಾರತ ಆ ಛಂದಸ್ಸಿನಲ್ಲಿದೆ, ಪಠ್ಯದಲ್ಲೂ ಇರುತ್ತದೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕರ ಗಣಗಳಾಗಿ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅಂಥ ಆರು ಗಣ, ಮೇಲೊಂದು ಗುರು, ಒಟ್ಟು 23. ಪದ್ಯದ ಸಾಲುಗಳನ್ನು ಕೊಟ್ಟರೆ ಕೆಲವು 14ಕ್ಕೆ ಬರುತ್ತವೆ, ಕೆಲವು 13ಕ್ಕೆ ನಿಲ್ಲುತ್ತವೆ. ಕವಿ ತಪ್ಪಿರಲಾರ. ಹುಡುಕಿದರೆ ದೋಷ ಸಿಗುತ್ತದೆ: ಪ್ರೋಗ್ರಾಂ ಪದ ಪದವಾಗಿ ಎಣಿಸುತ್ತಿದೆ, ಆದರೆ ಮುಂದಿನ ಪದ ಒತ್ತಕ್ಷರದಿಂದ ಶುರುವಾದರೆ ಹಿಂದಿನ ಪದದ ಕೊನೆಯ ಅಕ್ಷರ ಗುರುವಾಗುತ್ತದೆ. ಪದಗಳ ನಡುವಿನ ಖಾಲಿ ಜಾಗವನ್ನು ತೆಗೆದುಹಾಕಿ ಇಡೀ ಸಾಲನ್ನು ಒಂದಾಗಿ ಕೊಟ್ಟರೆ ಲೆಕ್ಕ ಕೂಡುತ್ತದೆ. ಸಾಲಿನ ನಡುವೆ ಬರುವ ‘ಬಸ್’ನಂಥ ಪದಗಳ ತೊಡಕೂ ಅದರೊಂದಿಗೆ ಬಗೆಹರಿಯುತ್ತದೆ. ವ್ಯಂಜನ ಮುಂದಿನದಕ್ಕೆ ಅಂಟಿ ಒತ್ತಕ್ಷರದಂತಾಗಿ ಹಿಂದಿನದನ್ನು ಗುರು ಮಾಡುತ್ತದೆ. ಸಾಲಿನ ಕೊನೆಯಲ್ಲಿ ಉಳಿಯುವ ವ್ಯಂಜನಕ್ಕಷ್ಟೇ ಬೇರೆ ನಿಯಮ ಸಾಕು. ಹಳಗನ್ನಡದ ಪದ್ಯ ಹಾಕಿದಾಗ ಮತ್ತೆ ತಪ್ಪುತ್ತದೆ, ಶಿಥಿಲದ್ವಿತ್ವ ಎಂಬುದೊಂದಿದೆ ಎಂದು ಕನ್ನಡ ಮೇಷ್ಟ್ರ ಹತ್ತಿರ ಹೋಗಿ ಕೇಳಿಕೊಂಡು ಬರಬೇಕಾಗುತ್ತದೆ. ಅಲ್ಲಿ ಒತ್ತಕ್ಷರವಿದ್ದರೂ ಹಿಂದಿನದು ಗುರುವಾಗುವುದಿಲ್ಲ. ಅಂಥ ಪದಗಳನ್ನು ಒಂದು ಫೈಲಿನಲ್ಲಿ ಪಟ್ಟಿ ಮಾಡಿಡುವುದೇ ಸದ್ಯಕ್ಕೆ ದಾರಿ. ಅಷ್ಟರಲ್ಲಿ, ಪ್ರತಿ ಸಾಲಿನ ಎರಡನೆಯ ಅಕ್ಷರ ಹೇಗೂ ಬೇರೆಯಾಗಿ ಕೈಗೆ ಸಿಕ್ಕಿದೆ, ಆದಿಪ್ರಾಸವನ್ನೂ ನೋಡಬಹುದಲ್ಲ ಎಂದು ಹೊಳೆಯುತ್ತದೆ. ಕೆಲವೇ ಸಾಲು ಸೇರಿಸಿದರೆ ಅದೂ ಆಗುತ್ತದೆ. ಅಕ್ಷರ ಎಣಿಸಲು ಕೂತವನಿಗೆ ಯೂನಿಕೋಡ್, ಸಂಧಿಸ್ಥಾನ, ಛಂದಸ್ಸು, ಪ್ರಾಸ ಎಲ್ಲವೂ ಪ್ರಶ್ನೆಯಾಗಿ ಬಂದು, ಉತ್ತರವಾಗಿ ಉಳಿದವು.

ಯೋಜನೆ ಇಲ್ಲವೆಂದರೆ ಶಿಸ್ತು ಇಲ್ಲವೆಂದಲ್ಲ. ಈ ರೀತಿಯ ಬರವಣಿಗೆಯ ಮೊದಲ ನಿಯಮ, ಪ್ರೋಗ್ರಾಂ ಯಾವಾಗಲೂ ಓಡುವ ಸ್ಥಿತಿಯಲ್ಲಿರಬೇಕು ಎಂಬುದು. ನೂರು ಸಾಲು ಬರೆದು ಒಮ್ಮೆ ರನ್ ಮಾಡುವವರು ತಪ್ಪು ಎಲ್ಲಿದೆಯೆಂದು ನೂರು ಕಡೆ ಹುಡುಕಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದವರಿಗೆ ತಪ್ಪು ಅಲ್ಲೇ ಇರುತ್ತದೆ. ಓಡಿದಾಗಲೆಲ್ಲ ಒಂದು ಕಾಪಿ ಉಳಿಸಿಕೊಳ್ಳಬೇಕು. ದಿನಾಂಕದ ಹೆಸರಿನ ಫೋಲ್ಡರಾದರೂ ಸರಿ, 2005ರಲ್ಲಿ ಟೋರ್ವಾಲ್ಡ್ಸ್ ಅವರೇ ಬರೆದ ಗಿಟ್ ಆದರೂ ಸರಿ. ಹಿಂದಕ್ಕೆ ಹೋಗಬಹುದೆಂಬ ಧೈರ್ಯವಿದ್ದವರು ಮಾತ್ರ ಮುಂದಕ್ಕೆ ಗೊತ್ತುಗುರಿಯಿಲ್ಲದೆ ಹೋಗಬಲ್ಲರು. ಗೊತ್ತಿರುವ ಉತ್ತರಗಳ ಸಣ್ಣ ಪಟ್ಟಿಯೊಂದು ಪಕ್ಕದಲ್ಲಿರಬೇಕು. ಮೇಲಿನ ಉದಾಹರಣೆಯಲ್ಲಿ ‘ಕನ್ನಡ’ ನಾಲ್ಕು, ‘ಆನೆ’ ಮೂರು, ‘ಬಸ್’ ಎರಡು. ಹೊಸದೇನು ಸೇರಿಸಿದರೂ ಇವು ಕೆಡಬಾರದು. ಅದೇ ತುಂಡು ಕೋಡನ್ನು ಮೂರನೆಯ ಸಲ ಕಾಪಿ ಮಾಡುವ ಪ್ರಸಂಗ ಬಂದರೆ ನಿಂತು, ಅದಕ್ಕೊಂದು ಹೆಸರು ಕೊಟ್ಟು ಫಂಕ್ಷನ್ ಮಾಡಬೇಕು. ಫಂಕ್ಷನ್ನಿನ ಉಪಯೋಗವನ್ನು ಇದಕ್ಕಿಂತ ಚೆನ್ನಾಗಿ ಬೋರ್ಡಿನ ಮೇಲೆ ಕಲಿಸಲಾಗುವುದಿಲ್ಲ. ಕೊನೆಗೆ, ಸಮಸ್ಯೆ ಪೂರ್ತಿ ಅರ್ಥವಾದ ದಿನ ಮೊದಲಿಂದ ಮತ್ತೆ ಬರೆಯುವ ಮನಸ್ಸಿರಬೇಕು. ಫ್ಲೋಚಾರ್ಟಿನ ನಿಜವಾದ ಜಾಗ ಅಲ್ಲಿದೆ. ಆಗ ಬಿಡಿಸಿದ ಫ್ಲೋಚಾರ್ಟ್ ವಿದ್ಯಾರ್ಥಿಗೆ ತಿಳಿದದ್ದನ್ನು ಹೇಳುತ್ತದೆ, ಪುಸ್ತಕದಲ್ಲಿರುವುದನ್ನಲ್ಲ.

ಈ ದಾರಿ ಎಲ್ಲ ಕಡೆಗೂ ಸಲ್ಲುವುದಿಲ್ಲ, ಅದನ್ನೂ ಅಷ್ಟೇ ಗಟ್ಟಿಯಾಗಿ ಕಲಿಸಬೇಕು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಅದರ ತಂತ್ರಾಂಶವನ್ನು ಒಬ್ಬರೇ ಹಳೆಯ ಯಂತ್ರಗಳ ಕೋಡನ್ನು ಆಧಾರವಾಗಿಟ್ಟು ಹಲವು ವರ್ಷಗಳಲ್ಲಿ ಬೆಳೆಸಿದ್ದರು, ದಾಖಲೆ ತೀರ ಕಡಿಮೆ ಇತ್ತು, ಹಳೆಯ ಯಂತ್ರಗಳಲ್ಲಿದ್ದ ಭೌತಿಕ ತಡೆಗಳನ್ನು ತೆಗೆದು ಕೋಡನ್ನೇ ನಂಬಲಾಗಿತ್ತು. ಆಪರೇಟರ್ ವೇಗವಾಗಿ ತಿದ್ದುಪಡಿ ಮಾಡಿದಾಗ ಮಾತ್ರ ತಲೆಯೆತ್ತುವ ದೋಷವೂ ಅದರಲ್ಲಿತ್ತು. ಇನ್ನೊಬ್ಬರ ಜೀವ, ಹಣ, ಖಾಸಗಿ ವಿವರ ಯಾವ ಪ್ರೋಗ್ರಾಮಿನ ಮೇಲೆ ನಿಂತಿದೆಯೋ ಅದಕ್ಕೆ ಲಿಖಿತ ಯೋಜನೆ, ಬೇರೆಯವರ ಪರಿಶೀಲನೆ, ಕಠಿಣ ಪರೀಕ್ಷೆ ಬೇಕೇ ಬೇಕು. ಹಲವರು ಸೇರಿ ವರ್ಷಗಟ್ಟಲೆ ಕಟ್ಟುವ ತಂತ್ರಾಂಶಕ್ಕೂ ಅದೇ ಮಾತು. ಮನೆಯವರಿಗೆ ಹೊಲಿದ ಕೌದಿಯ ಅಳತೆಯಲ್ಲಿ ಸೇತುವೆ ಕಟ್ಟಬಾರದು. ಆದರೆ ಹದಿನೇಳು ವರ್ಷದವರು ಲ್ಯಾಬಿನಲ್ಲಿ ಬರೆಯುವ ಪ್ರೋಗ್ರಾಂ ಸೇತುವೆಯಲ್ಲ. ಅಲ್ಲಿ ತಪ್ಪಿದರೆ ಹೋಗುವುದು ಒಂದಿಷ್ಟು ಸಮಯ, ಬರುವುದು ಒಂದಿಷ್ಟು ತಿಳಿವಳಿಕೆ.

ಆದ್ದರಿಂದ ಅಧ್ಯಾಪಕರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಪರೀಕ್ಷೆಗೆ ಬೇಕಾದ ರೆಕಾರ್ಡ್ ಇರುವಂತೆಯೇ ಇರಲಿ. ತಿಂಗಳಿಗೆ ಒಂದು ಲ್ಯಾಬ್ ಗಂಟೆಯನ್ನು ಫ್ಲೋಚಾರ್ಟ್ ಇಲ್ಲದೆ, ಅಂಕವಿಲ್ಲದೆ ಬಿಟ್ಟುಕೊಡಿ. ಏನು ಬರೆಯಬೇಕೆಂಬುದನ್ನು ವಿದ್ಯಾರ್ಥಿಗಳೇ ಆರಿಸಲಿ. ರೆಕಾರ್ಡಿನ ಕೊನೆಯ ಹತ್ತು ಪುಟಗಳನ್ನು ಖಾಲಿ ಬಿಡಿಸಿ, ಓಡದೆ ಹೋದ ಪ್ರೋಗ್ರಾಂಗಳನ್ನೂ ಅವು ಯಾಕೆ ಓಡಲಿಲ್ಲ ಎಂಬುದನ್ನೂ ಅಲ್ಲಿ ಬರೆಯಿಸಿ. ಆ ಪುಟಗಳ ಮೇಲೆ ಕೆಂಪು ಶಾಯಿ ಬೀಳದಿರಲಿ. ಈ ವರ್ಷದ ಮೊದಲ ಗಂಟೆಗೆ ವಿಷಯ ಹೊಳೆಯದಿದ್ದರೆ, ‘ಸ್ತ್ರೀ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕಂಪ್ಯೂಟರನ್ನು ಕೇಳಲು ಹೇಳಿ.